ಅನ್ವರ್ಥವೋ ಅಂಕಿತವೋ: ಐಸ್‌ಲ್ಯಾಂಡಿನ ಗಂಡುಹೆಸರುಗಳ ‘ಅರ್ಥ’ದ ಪ್ರಶ್ನೆ

ಸಾರಾಂಶ

ಐಸ್‌ಲ್ಯಾಂಡಿನ ಸಾಂಪ್ರದಾಯಿಕ ಗಂಡುಹೆಸರುಗಳನ್ನು ಪರಿಚಯಿಸುವ ಬರಹಗಳು ಪ್ರತಿ ಹೆಸರಿನ ಎದುರು ಒಂದು ಅರ್ಥವನ್ನು ಕೊಡುತ್ತವೆ. ಹಾಗೆ ಕೊಟ್ಟದ್ದು ಬಹುಪಾಲು ವ್ಯುತ್ಪತ್ತಿಯೇ ಆಗಿರುತ್ತದೆ; ಹೆಸರಿಟ್ಟವರ ಆಶಯವನ್ನಾಗಲಿ ಬಳಸುವವರ ತಿಳಿವಳಿಕೆಯನ್ನಾಗಲಿ ಅದು ಹೇಳುವುದಿಲ್ಲ. ಮಧ್ಯಯುಗೀನ ಸಾಗಾಗಳಲ್ಲಿ ಬರುವ ಹೆಸರಿಡುವ ಪ್ರಸಂಗಗಳು, ಇಂದಿನ ಐಸ್‌ಲ್ಯಾಂಡಿಕ್ ಭಾಷೆಯ ವಿಭಕ್ತಿವ್ಯವಸ್ಥೆ ಹಾಗೂ 1996ರ ಹೆಸರು ಕಾಯ್ದೆ, ಈ ಮೂರನ್ನು ಪರಿಶೀಲಿಸಿ, ವ್ಯುತ್ಪತ್ತಿ, ಪ್ರೇರಣೆ ಮತ್ತು ಬಳಕೆಗಳನ್ನು ನಾಮವಿಜ್ಞಾನವು ಬೇರೆಬೇರೆಯಾಗಿ ದಾಖಲಿಸಬೇಕೆಂದು ಪ್ರಸ್ತುತ ಲೇಖನವು ವಾದಿಸುತ್ತದೆ.

ಪ್ರಮುಖ ಪದಗಳು: ನಾಮವಿಜ್ಞಾನ, ಅಂಕಿತನಾಮ, ಅನ್ವರ್ಥನಾಮ, ವ್ಯುತ್ಪತ್ತಿ, ಐಸ್‌ಲ್ಯಾಂಡಿಕ್, ಸಾಗಾ

1. ಪಟ್ಟಿ ಹೇಳುವುದೇನು?

ಸಿಗುರ್ದುರ್ ಎಂದರೆ ವಿಜಯದ ಕಾವಲುಗಾರ. ಗುನ್ನಾರ್ ಎಂದರೆ ರಣಯೋಧ. ಥೋರ್ಸ್ಟೇನ್ ಎಂದರೆ ಥೋರನ ಕಲ್ಲು. ಬ್ಯೊರ್ನ್ ಎಂದರೆ ಕರಡಿ. ಐಸ್‌ಲ್ಯಾಂಡಿನ ಗಂಡುಹೆಸರುಗಳನ್ನು ಹೊರಗಿನವರಿಗೆ ಪರಿಚಯಿಸುವ ಬರಹಗಳ ರೂಪ ಬಹುಮಟ್ಟಿಗೆ ಇಷ್ಟೇ: ಎಡಕ್ಕೆ ಹೆಸರು, ಬಲಕ್ಕೆ ಅರ್ಥ. ಮಕ್ಕಳಿಗೆ ಹೆಸರು ಹುಡುಕುವವರ ಕೈಪಿಡಿಗಳಲ್ಲಿ ಮಾತ್ರವಲ್ಲದೆ ಭಾಷಾವಿಜ್ಞಾನದ ಆರಂಭಿಕ ಪಾಠಗಳಲ್ಲೂ ಈ ರೂಪ ಕಾಣಸಿಗುತ್ತದೆ. ಸಮಾಸಗಳನ್ನು ಕಲಿಸುವಾಗ ಇಂಥದೊಂದು ಪಟ್ಟಿಯನ್ನು ನಾನೂ ತರಗತಿಗೆ ಒಯ್ದದ್ದುಂಟು. ವಿದ್ಯಾರ್ಥಿಗಳಿಗೆ ಅದು ಕೂಡಲೇ ಹಿಡಿಸುತ್ತದೆ; ಒಂದು ಜನಾಂಗದ ಮನಸ್ಸೇ ಕಣ್ಣೆದುರು ತೆರೆದುಕೊಂಡಂತೆ ಭಾಸವಾಗುತ್ತದೆ. ಯುದ್ಧಪ್ರಿಯರು, ಕಾಡುಮೃಗಗಳನ್ನು ಕಂಡು ಬೆರಗಾದವರು, ಥೋರನ ಭಕ್ತರು ಎಂಬ ಚಿತ್ರ ಹತ್ತು ಹೆಸರುಗಳಲ್ಲಿ ಸಿದ್ಧವಾಗುತ್ತದೆ.

ಪಟ್ಟಿಯ ಬಲಬದಿಯಲ್ಲಿರುವುದು ಸುಳ್ಳಲ್ಲ. ತುಲನಾತ್ಮಕ ಭಾಷಾವಿಜ್ಞಾನವು ಶ್ರಮದಿಂದ ಕಂಡುಕೊಂಡ ವ್ಯುತ್ಪತ್ತಿಗಳೇ ಅಲ್ಲಿವೆ. ತೊಡಕಿರುವುದು ನಡುವಿನ ‘ಎಂದರೆ’ ಎಂಬ ಪದದಲ್ಲಿ. ಆ ಪದವು ಮೂರು ಭಿನ್ನ ಸಂಬಂಧಗಳನ್ನು ಒಂದಾಗಿ ಕಾಣಿಸುತ್ತದೆ: ಹೆಸರಿನ ಘಟಕಗಳು ಮೂಲದಲ್ಲಿ ಯಾವ ಪದಗಳಾಗಿದ್ದವು ಎಂಬುದು, ಒಬ್ಬ ನಿರ್ದಿಷ್ಟ ಮಗುವಿಗೆ ಆ ಹೆಸರನ್ನು ಏಕೆ ಇಡಲಾಯಿತು ಎಂಬುದು, ಆ ಹೆಸರು ಭಾಷಿಕ ಸಮುದಾಯದಲ್ಲಿ ಏನನ್ನು ಮಾಡುತ್ತದೆ ಎಂಬುದು.

ಈ ಭೇದವನ್ನು ಗುರುತಿಸಲು ಕನ್ನಡ ವ್ಯಾಕರಣ ಪರಂಪರೆಯಲ್ಲೇ ಉಪಕರಣವಿದೆ. ವ್ಯವಹಾರಕ್ಕಾಗಿ ಇಟ್ಟದ್ದು ಅಂಕಿತನಾಮ. ರೂಪ, ಗುಣ, ವೃತ್ತಿಗಳಿಗೆ ಅನುಗುಣವಾಗಿ ಬಂದದ್ದು ಅನ್ವರ್ಥನಾಮ. ಪಾಶ್ಚಾತ್ಯ ಚಿಂತನೆಯಲ್ಲಿ ಈ ಚರ್ಚೆ ಎರಡು ತುದಿಗಳ ನಡುವೆ ನಡೆದಿದೆ. ಅಂಕಿತನಾಮವು ವ್ಯಕ್ತಿಯನ್ನು ನಿರ್ದೇಶಿಸುತ್ತದೆಯೇ ಹೊರತು ಅವನ ಯಾವ ಗುಣವನ್ನೂ ಸೂಚಿಸುವುದಿಲ್ಲ ಎಂದು ಜಾನ್ ಸ್ಟುವರ್ಟ್ ಮಿಲ್ 1843ರಲ್ಲಿ ವಾದಿಸಿದರು. ಬಳಕೆಯ ಸಂದರ್ಭದಲ್ಲಿ ಅಂಕಿತನಾಮಗಳೇ ಹೆಚ್ಚು ಗುಣಗಳನ್ನು ಸೂಚಿಸುತ್ತವೆ ಎಂದು ಓಟೋ ಯೆಸ್ಪರ್ಸನ್ 1924ರಲ್ಲಿ ಪ್ರತಿವಾದ ಹೂಡಿದರು. ಪಟ್ಟಿಕಾರರು ಈ ಇಬ್ಬರನ್ನೂ ಬದಿಗಿಟ್ಟು ಎಲ್ಲ ಅಂಕಿತನಾಮಗಳನ್ನೂ ಅನ್ವರ್ಥನಾಮಗಳೆಂದು ಓದುತ್ತಾರೆ. ಐಸ್‌ಲ್ಯಾಂಡಿನ ಸಾಕ್ಷ್ಯವು ಪಟ್ಟಿಕಾರರ ಓದನ್ನು ಸಮರ್ಥಿಸುವುದಿಲ್ಲ. ಮಿಲ್ ಅವರ ನಿಲುವನ್ನೂ ಹಾಗೆಯೇ ಉಳಿಯಗೊಡುವುದಿಲ್ಲ.

ಲಿಪ್ಯಂತರದ ಬಗ್ಗೆ ಒಂದು ಮಾತು. ಐಸ್‌ಲ್ಯಾಂಡಿಕ್ ಲಿಪಿಯ ಥಾರ್ನ್ ಅಕ್ಷರಕ್ಕೆ ‘ಥ’ವನ್ನೂ ಎಥ್ ಅಕ್ಷರಕ್ಕೆ ‘ದ’ವನ್ನೂ ಇಲ್ಲಿ ಬಳಸಲಾಗಿದೆ. ಆ ಎರಡೂ ಸಂಘರ್ಷ ಧ್ವನಿಗಳಾದ್ದರಿಂದ ಕನ್ನಡದ ಸ್ಪರ್ಶಾಕ್ಷರಗಳು ಅವುಗಳನ್ನು ಹತ್ತಿರದಿಂದ ಸೂಚಿಸಬಲ್ಲವಷ್ಟೆ. ಹೆಸರುಗಳ ರೂಪವು ಉಚ್ಚಾರಣೆಗಿಂತ ಬರಹಕ್ಕೆ ಹತ್ತಿರವಾಗಿದೆ.

2. ಘಟಕಗಳ ಜೋಡಣೆ

ಹಳೆಯ ಜರ್ಮ್ಯಾನಿಕ್ ಭಾಷೆಗಳಲ್ಲಿ, ಸಂಸ್ಕೃತ ಹಾಗೂ ಗ್ರೀಕ್‌ಗಳಲ್ಲಿರುವಂತೆಯೇ, ಎರಡು ಘಟಕಗಳ ಸಂಯುಕ್ತ ಹೆಸರುಗಳು ಹೇರಳ. ‘ಥೋರ್’, ‘ಸಿಗ್’ (ವಿಜಯ), ‘ಗುದ್’ (ದೇವರು), ‘ಹಲ್’ (ಹಾಸುಗಲ್ಲು) ಮುಂತಾದವು ಪೂರ್ವಪದದಲ್ಲಿಯೂ, ‘ಸ್ಟೇನ್’ (ಕಲ್ಲು), ‘ಬ್ಯೊರ್ನ್’ (ಕರಡಿ), ‘ಮುಂದುರ್’ (ರಕ್ಷಕ), ‘ಉಲ್ಫುರ್’ (ತೋಳ) ಮುಂತಾದವು ಉತ್ತರಪದದಲ್ಲಿಯೂ ಬರುತ್ತವೆ. ಈ ‘ಉಲ್ಫುರ್’ ಸಂಸ್ಕೃತದ ‘ವೃಕ’ಕ್ಕೆ ಜ್ಞಾತಿಪದ.

ಈ ಸಂಯುಕ್ತಗಳನ್ನು ವಾಕ್ಯದಲ್ಲಿ ಬರುವ ಸಮಾಸಗಳಂತೆ ವಿಗ್ರಹಿಸಲು ಹೊರಟರೆ ಬೇಗನೆ ಎಡವುತ್ತೇವೆ. ಹಲ್ಸ್ಟೇನ್ ಎಂಬ ಹೆಸರು ಅಕ್ಷರಶಃ ‘ಹಾಸುಗಲ್ಲು-ಕಲ್ಲು’. ಅರ್ನ್‌ಬ್ಯೊರ್ನ್ ‘ಹದ್ದು-ಕರಡಿ’. ಹದ್ದಿನಂಥ ಕರಡಿಯೋ, ಹದ್ದೂ ಕರಡಿಯೂ ಆದವನೋ, ಹದ್ದುಗಳ ನಡುವಿನ ಕರಡಿಯೋ ಎಂದು ಕೇಳುವುದರಲ್ಲಿ ಹುರುಳಿಲ್ಲ. ಇವು ಅರ್ಥದ ಸಂಯೋಜನೆಯಿಂದ ಹುಟ್ಟಿದ ಪದಗಳಲ್ಲ. ಕುಟುಂಬದೊಳಗಿನ ಹೆಸರುಗಳಿಂದ ಒಂದು ಘಟಕವನ್ನು ಎತ್ತಿ, ಇನ್ನೊಂದನ್ನು ಬದಲಿಸಿ, ಬಂಧುತ್ವ ಕೇಳಿಸುವಂತೆ ಮಾಡುವ ಪದ್ಧತಿ ಇವುಗಳ ಹಿಂದಿದೆ. ಘಟಕದ ಕೆಲಸ ನೆಂಟಸ್ತಿಕೆಯನ್ನು ಸೂಚಿಸುವುದು.

ಇದಲ್ಲದೆ ಘಟಕಗಳ ಪಾರದರ್ಶಕತೆಯೂ ಒಂದೇ ಮಟ್ಟದ್ದಲ್ಲ. ಹ್ರಾಫ್ನ್ ಎಂಬ ಹೆಸರು ಇಂದಿಗೂ ‘ಕಾಡುಕಾಗೆ’ ಎಂಬ ನಾಮಪದವೇ. ಥೋರ್ಸ್ಟೇನ್‌ನ ಎರಡೂ ಭಾಗಗಳು ಭಾಷಿಕನಿಗೆ ಕಾಣುತ್ತವೆ. ಸಿಗುರ್ದುರ್‌ನಲ್ಲಿ ‘ವಿಜಯ’ ಕಂಡರೂ ಕಾವಲುಗಾರನನ್ನು ಸೂಚಿಸುವ ಭಾಗ ಸವೆದುಹೋಗಿದೆ. ಓಲಾಫುರ್‌ನ ಮೂಲ ‘ಪೂರ್ವಜ’ ಮತ್ತು ‘ಉಳಿಕೆ’ ಎಂಬ ಎರಡು ಪದಗಳೆಂದು ವಿದ್ವಾಂಸರು ಪುನಾರಚನೆಯಿಂದ ತಿಳಿದಿದ್ದಾರೆ; ಸಾಮಾನ್ಯ ಭಾಷಿಕನಿಗೆ ಅಲ್ಲಿ ಏನೂ ಕಾಣದು. ಯೋನ್ ಎಂಬುದು ಯೊಹಾನ್ನೆಸ್ ಮೂಲಕ ಹೀಬ್ರೂವಿನಿಂದ ಬಂದದ್ದು. ವ್ಯುತ್ಪತ್ತಿಯ ಅರ್ಥವೇ ಹೆಸರಿನ ಜೀವವಾಗಿದ್ದರೆ ಪಾರದರ್ಶಕ ಹೆಸರುಗಳು ಹೆಚ್ಚು ಬಳಕೆಯಾಗಬೇಕಿತ್ತು. ಆದರೆ 1703ರ ರಾಷ್ಟ್ರವ್ಯಾಪಿ ಜನಗಣತಿಯಲ್ಲಿ ಅತ್ಯಂತ ಸಾಮಾನ್ಯವಾದ ಗಂಡುಹೆಸರು ಯೋನ್. ಆ ಬಳಿಕವೂ ಅದು ದೀರ್ಘಕಾಲ ಆ ಸ್ಥಾನವನ್ನು ಬಿಟ್ಟುಕೊಟ್ಟಿಲ್ಲ.

3. ಒಂದು ವಂಶದ ನಾಲ್ಕು ನಾಮಕರಣಗಳು

ಇಷ್ಟರಿಂದ ಹೆಸರುಗಳಿಗೆ ಅರ್ಥವೇ ಇಲ್ಲವೆಂಬ ತೀರ್ಮಾನಕ್ಕೆ ಬಂದರೆ ಅದೂ ಅವಸರವೇ. ಹದಿಮೂರನೆಯ ಶತಮಾನದ ಏರ್ಬಿಗ್ಯಾ ಸಾಗಾ ಈ ಅವಸರವನ್ನು ತಡೆಯುತ್ತದೆ. ಅದರ ಆರಂಭದ ಅಧ್ಯಾಯಗಳಲ್ಲಿ ಒಂದೇ ವಂಶದ ನಾಲ್ಕು ತಲೆಮಾರುಗಳಲ್ಲಿ ನಾಲ್ಕು ಹೆಸರುಗಳು ಬದಲಾಗುತ್ತವೆ.

ಮೊದಲನೆಯವನು ನಾರ್ವೆಯ ಮೋಸ್ಟುರ್ ದ್ವೀಪದ ಹ್ರೋಲ್ಫುರ್. ದ್ವೀಪದ ಥೋರನ ಗುಡಿಯನ್ನು ಅವನು ನೋಡಿಕೊಳ್ಳುತ್ತಿದ್ದ. ಥೋರನ ಪರಮಮಿತ್ರನಾಗಿದ್ದ ಕಾರಣ ಅವನನ್ನು ಥೋರೋಲ್ಫುರ್ ಎಂದು ಕರೆದರು. ಐಸ್‌ಲ್ಯಾಂಡಿಗೆ ವಲಸೆ ಬಂದ ಮೇಲೆ ಅವನಿಗೆ ಸ್ಟೇನ್ ಎಂಬ ಮಗ ಹುಟ್ಟಿದ. ಮಗುವನ್ನು ಥೋರನಿಗೆ ಅರ್ಪಿಸಿ ಥೋರ್ಸ್ಟೇನ್ ಎಂದು ಕರೆದ. ಥೋರ್ಸ್ಟೇನ್‌ನ ಮಗನಿಗೆ ನೀರು ಚಿಮುಕಿಸಿ ಹೆಸರಿಟ್ಟಾಗ ಅವನು ಗ್ರೀಮುರ್. ಥೋರನಿಗೆ ಅರ್ಪಿತನಾದ ಮೇಲೆ ಥೋರ್ಗ್ರೀಮುರ್. ಥೋರ್ಗ್ರೀಮುರ್ ಕೊಲೆಯಾದ ಬಳಿಕ ಹುಟ್ಟಿದ ಅವನ ಮಗನಿಗೆ ತಂದೆಯ ಹೆಸರನ್ನೇ ಇಟ್ಟರು. ಆ ಹುಡುಗನದು ಪುಂಡ ಸ್ವಭಾವ. ಹಾಗಾಗಿ ಅವನನ್ನು ಜಗಳಗಂಟ ಎಂಬರ್ಥದಲ್ಲಿ ಸ್ನೆರ್ರಿರ್ ಎಂದೂ ಆಮೇಲೆ ಸ್ನೋರ್ರಿ ಎಂದೂ ಕರೆಯತೊಡಗಿದರು. ಮುಂದೆ ಸ್ನೋರ್ರಿ ಗೋದಿ ಎಂದು ಖ್ಯಾತನಾದ ನಾಯಕ ಇವನೇ.

ಈ ಪ್ರಸಂಗಗಳಲ್ಲಿ ಮೂರು ಅಂಶಗಳು ಗಮನಾರ್ಹ. ಒಂದು, ಅರ್ಥವು ಹೆಸರಿನ ಒಂದು ಭಾಗದಲ್ಲಿ ಮಾತ್ರ ಎಚ್ಚರವಾಗಿದೆ. ಹ್ರೋಲ್ಫುರ್ ಥೋರೋಲ್ಫುರ್ ಆದಾಗ ಮಾತಾಡುವುದು ಪೂರ್ವಪದ. ಉತ್ತರಪದದ ತೋಳ ಕಥೆಯಲ್ಲಿ ಎಲ್ಲಿಯೂ ಇಲ್ಲ. ಥೋರ್ಗ್ರೀಮುರ್‌ನ ‘ಗ್ರೀಮುರ್’ಗೆ ಇರುವ ‘ಮುಖವಾಡ ಧರಿಸಿದವನು’ ಎಂಬ ಅರ್ಥಕ್ಕೂ ಇದೇ ಗತಿ. ‘ಥೋರನ ತೋಳ’ ಎಂದು ಬರೆಯುವ ಪಟ್ಟಿ ಸಾಗಾಕ್ಕೆ ಬೇಡವಾದದ್ದನ್ನೂ ಬೇಕಾದಷ್ಟೇ ತೂಕದಿಂದ ಹೇಳುತ್ತದೆ. ಎರಡು, ಥೋರೋಲ್ಫುರ್‌ಗೆ ಹಲ್ಸ್ಟೇನ್ ಎಂಬ ಇನ್ನೊಬ್ಬ ಮಗನಿದ್ದ. ಅಣ್ಣತಮ್ಮಂದಿರ ಹೆಸರುಗಳಲ್ಲಿ ‘ಸ್ಟೇನ್’ ಸಮಾನ. ಮೊದಲು ‘ಹಾಸುಗಲ್ಲು-ಕಲ್ಲು’ ಎಂದು ಅಸಂಬದ್ಧವಾಗಿ ತೋರಿದ ಹೆಸರು ಕುಟುಂಬದ ನಡುವೆ ಇಟ್ಟು ನೋಡಿದರೆ ಸುಸಂಬದ್ಧವಾಗುತ್ತದೆ. ಮೂರು, ನಾಲ್ಕೂ ಕಡೆ ಅರ್ಥವು ಕಾಣಿಸಿಕೊಳ್ಳುವುದು ಹೆಸರು ಬದಲಾಗುವ ಕ್ಷಣದಲ್ಲಿ. ಕಾರಣ ಹೇಳಬೇಕಾದ ಸಂದರ್ಭದಲ್ಲಿ ಮಲಗಿದ್ದ ಅರ್ಥ ಏಳುತ್ತದೆ. ಕೆಲಸ ಮುಗಿದ ಮೇಲೆ ಮತ್ತೆ ಮಲಗುತ್ತದೆ.

ಸಾಗಾವು ಹೇಳುವ ಕಾಲಕ್ಕೂ ಬರೆಯಲ್ಪಟ್ಟ ಕಾಲಕ್ಕೂ ಮೂರು ಶತಮಾನಗಳ ಅಂತರವಿದೆ. ಈ ವಿವರಣೆಗಳು ಹೆಸರನ್ನು ನೋಡಿ ಹಿಂದಕ್ಕೆ ಊಹಿಸಿದ ಕಥೆಗಳಾಗಿರಬಹುದು ಎಂಬ ಆಕ್ಷೇಪ ಸಾಧುವಾದದ್ದೇ. ಆದರೂ ಹದಿಮೂರನೆಯ ಶತಮಾನದ ಕೇಳುಗರು ಯಾವ ಬಗೆಯ ವಿವರಣೆಯನ್ನು ಒಪ್ಪುತ್ತಿದ್ದರು ಎಂಬುದಕ್ಕೆ ಅವು ಸಾಕ್ಷಿಯಾಗಿ ನಿಲ್ಲುತ್ತವೆ. ಹೆಸರಿನ ಪದಾರ್ಥ ಅವರಿಗೆ ಸುಪ್ತವಾಗಿ ಲಭ್ಯವಿತ್ತು. ಸ್ಕಾಲ್ಡ್ ಕವಿಗಳು ‘ಒಫ್ಲ್ಯೋಸ್ತ್’ ಎಂಬ ಶ್ಲೇಷತಂತ್ರದಿಂದ ವ್ಯಕ್ತಿಗಳ ಹೆಸರುಗಳನ್ನು ಪದ್ಯದಲ್ಲಿ ಅಡಗಿಸಿಡುತ್ತಿದ್ದುದೂ ಇದನ್ನೇ ತೋರಿಸುತ್ತದೆ. ಅಡಗಿಸಿದ್ದನ್ನು ಬಿಡಿಸುವುದು ಜಾಣ್ಮೆಯ ಕೆಲಸವಾಗಿತ್ತು ಎಂಬುದನ್ನೂ ಮರೆಯಬಾರದು. ಎಲ್ಲರಿಗೂ ಸದಾ ಕೇಳಿಸುವ ಅರ್ಥವನ್ನು ಯಾರೂ ಒಗಟಾಗಿಸುವುದಿಲ್ಲ.

ಸ್ನೋರ್ರಿ ಎಂಬ ಹೆಸರಿನ ಮುಂದಿನ ಪಯಣ ಈ ವಾದಕ್ಕೆ ನಿರ್ಣಾಯಕ. ಸ್ನೋರ್ರಿ ಗೋದಿ 1031ರಲ್ಲಿ ತೀರಿಕೊಂಡ. ಅವನ ವಂಶದಿಂದ ಸ್ತುರ್ಲುಂಗರು ಬಂದರೆಂದು ಸಾಗಾ ಹೇಳುತ್ತದೆ. ಆ ಮನೆತನದಲ್ಲಿ 1179ರಲ್ಲಿ ಹುಟ್ಟಿದ ಮಗುವಿಗೂ ಸ್ನೋರ್ರಿ ಎಂದು ಹೆಸರಿಟ್ಟರು. ‘ಎದ್ದಾ’ ಗ್ರಂಥವನ್ನು ರಚಿಸಿದ ಸ್ನೋರ್ರಿ ಸ್ತುರ್ಲುಸೋನ್ ಆತನೇ. ಎರಡೂ ಹೆಸರುಗಳ ವ್ಯುತ್ಪತ್ತಿ ಒಂದೇ. ಮೊದಲನೆಯದು ಹುಡುಗನ ನಡತೆಯನ್ನು ಹೇಳಿದ ಅನ್ವರ್ಥನಾಮ. ಎರಡನೆಯದು ತೊಟ್ಟಿಲಲ್ಲಿ, ನಡತೆ ತಿಳಿಯುವ ಮೊದಲೇ ಬಂದ ಅಂಕಿತನಾಮ. ಪಟ್ಟಿಯ ಒಂದೇ ಸಾಲು ಇವೆರಡನ್ನೂ ಹೇಳಲಾರದು.

4. ತಪ್ಪು ಓದು, ಕಳಚಿದ ಭಾಗ, ಕಾಕತಾಳೀಯ

ಎರವಲು ಹೆಸರುಗಳಲ್ಲಿ ಪಟ್ಟಿಯ ಇಕ್ಕಟ್ಟು ಇನ್ನೂ ಹೆಚ್ಚು. ಮಗ್ನೂಸ್ ಎಂಬುದಕ್ಕೆ ಲ್ಯಾಟಿನ್ ಮೂಲದಿಂದ ‘ಮಹಾನ್’ ಎಂಬ ಅರ್ಥ ಕೊಡುತ್ತಾರೆ. ಹೇಮ್ಸ್‌ಕ್ರಿಂಗ್ಲಾದಲ್ಲಿ ಈ ಹೆಸರಿನ ಪ್ರವೇಶದ ಕಥೆಯಿದೆ. ನಾರ್ವೆಯ ದೊರೆ ಓಲಾಫುರ್‌ಗೆ ರಾತ್ರಿ ಮಗುವೊಂದು ಹುಟ್ಟಿತು. ಅದು ಬದುಕುವ ಭರವಸೆಯಿರಲಿಲ್ಲ. ನಿದ್ದೆಯಲ್ಲಿದ್ದ ದೊರೆಯನ್ನು ಎಬ್ಬಿಸುವ ಧೈರ್ಯವಿಲ್ಲದೆ ಕವಿ ಸಿಗ್ವಾತುರ್ ತಾನೇ ಹೆಸರು ಸೂಚಿಸಿ ದೀಕ್ಷಾಸ್ನಾನ ಮಾಡಿಸಿದ. ಮರುದಿನ ದೊರೆ ಸಿಟ್ಟಿನಿಂದ ಪ್ರಶ್ನಿಸಿದಾಗ, ತಾನು ಬಲ್ಲ ಶ್ರೇಷ್ಠ ವ್ಯಕ್ತಿಯಾದ ಕಾರ್ಲಾಮಗ್ನೂಸ್ ದೊರೆಯ ಹೆಸರಿಟ್ಟೆನೆಂದ. ‘ಕರೋಲುಸ್ ಮಗ್ನುಸ್’ ಎಂಬುದರಲ್ಲಿ ಹೆಸರು ಕರೋಲುಸ್. ‘ಮಗ್ನುಸ್’ ಬರಿಯ ವಿಶೇಷಣ. ಬಿರುದು ಹೆಸರಾಯಿತು. ಕವಿ ಕೊಟ್ಟ ಕಾರಣದಲ್ಲಿ ‘ಮಹಾನ್’ ಎಂಬ ಪದಾರ್ಥವಿಲ್ಲ. ಒಬ್ಬ ಆದರ್ಶ ದೊರೆಯ ನೆನಪಿದೆ.

ಲಾಕ್ಸ್‌ಡೈಲಾ ಸಾಗಾದ ಕ್ಯಾರ್ತಾನ್ ಇನ್ನೊಂದು ಬಗೆ. ಮೂಕಿಯೆಂದು ತಿಳಿದು ಕೊಂಡುತಂದ ದಾಸಿ ಮೆಲ್ಕೋರ್ಕಾ ತನ್ನ ಪುಟ್ಟ ಮಗನೊಡನೆ ಮಾತಾಡುತ್ತಿದ್ದುದು ಒಂದು ದಿನ ಬಯಲಾಗುತ್ತದೆ. ಅವಳು ಐರ್ಲೆಂಡಿನ ಅರಸ ಮಿರ್ಕ್ಯಾರ್ತಾನ್‌ನ ಮಗಳು. ಆ ಮಗ ಓಲಾಫುರ್ ಬೆಳೆದು ತನ್ನ ಮಗನಿಗೆ ತಾಯಿಯ ತಂದೆಯ ನೆನಪಿನಲ್ಲಿ ಕ್ಯಾರ್ತಾನ್ ಎಂದು ಹೆಸರಿಡುತ್ತಾನೆ. ಮೂಲದ ಐರಿಷ್ ಹೆಸರು ಮುಯಿರ್ಖೆರ್ತಾಖ್; ಅದರ ಮೊದಲ ಭಾಗಕ್ಕೆ ‘ಕಡಲು’ ಎಂದರ್ಥ. ಕ್ಯಾರ್ತಾನ್‌ನಲ್ಲಿ ಕಳಚಿಹೋಗಿರುವುದು ಆ ಭಾಗವೇ. ಆದರೂ ಅನೇಕ ಪಟ್ಟಿಗಳು ಈ ಹೆಸರಿಗೆ ಕಡಲಿನ ನಂಟನ್ನು ಕಟ್ಟುತ್ತವೆ. ಕಥೆಯೊಳಗೆ ಆ ಹೆಸರು ಹೇಳುವುದು ಬೇರೆ ಸಂಗತಿ: ದಾಸಿಯೆನಿಸಿಕೊಂಡವಳ ಮೊಮ್ಮಗ ಅರಸನ ವಂಶದವನು.

ಅದೇ ಸಾಗಾದಲ್ಲಿ ಓಲಾಫುರ್‌ಗೆ ಆ ಹೆಸರು ಬಂದದ್ದು, ಸ್ವಲ್ಪ ಮೊದಲು ತೀರಿಕೊಂಡಿದ್ದ ತಂದೆಯ ಸೋದರಮಾವನ ನೆನಪಿಗೆ. ಓಲಾಫುರ್‌ನ ವ್ಯುತ್ಪತ್ತಿ ‘ಪೂರ್ವಜರ ಉಳಿಕೆ’ ಎಂಬುದು ಇಲ್ಲಿ ಅಚ್ಚರಿಯಾಗುವಷ್ಟು ಒಪ್ಪುತ್ತದೆ. ವಿಮರ್ಶಕರು ಎಚ್ಚರ ತಪ್ಪುವುದು ಇಂಥಲ್ಲೇ. ಆ ವ್ಯುತ್ಪತ್ತಿ ಹೆಸರಿಟ್ಟವನಿಗೆ ಕಾಣುವ ಸ್ಥಿತಿಯಲ್ಲಿರಲಿಲ್ಲ. ಸತ್ತ ಬಂಧುವಿನ ಹೆಸರನ್ನು ಮಗುವಿಗೆ ಇಡುವ ಪದ್ಧತಿ ವ್ಯಾಪಕವಾಗಿದ್ದುದರಿಂದ ಯಾವ ಹೆಸರು ಬಂದಿದ್ದರೂ ಅದು ‘ಪೂರ್ವಜರ ಉಳಿಕೆ’ಯೇ ಆಗುತ್ತಿತ್ತು.

5. ವಿಭಕ್ತಿಯೊಳಗಿನ ಹೆಸರು

ಇಂದಿನ ಐಸ್‌ಲ್ಯಾಂಡಿಕ್ ಭಾಷಿಕನು ಹೆಸರಿನ ಬಗ್ಗೆ ತಪ್ಪದೆ ತಿಳಿದಿರಬೇಕಾದದ್ದು ಅದರ ರೂಪಾವಳಿ. ಭಾಷೆಯಲ್ಲಿ ನಾಲ್ಕು ವಿಭಕ್ತಿಗಳಿವೆ. ಹೆಸರುಗಳೂ ಅವುಗಳಿಗೆ ಬದ್ಧ. ಪ್ರಥಮೆಯ ಸಿಗುರ್ದುರ್ ದ್ವಿತೀಯೆಯಲ್ಲಿ ಸಿಗುರ್ದ್, ಚತುರ್ಥಿಯಲ್ಲಿ ಸಿಗುರ್ದಿ, ಷಷ್ಠಿಯಲ್ಲಿ ಸಿಗುರ್ದಾರ್. ಪ್ರತ್ಯಯವಷ್ಟೇ ಅಲ್ಲ, ಪ್ರಕೃತಿಯ ಸ್ವರವೂ ಬದಲಾಗಬಹುದು. ‘ಹದ್ದು’ ಎಂದು ಪಟ್ಟಿಗಳು ಹೇಳುವ ಒರ್ನ್ ಚತುರ್ಥಿಯಲ್ಲಿ ಎರ್ನಿ, ಷಷ್ಠಿಯಲ್ಲಿ ಅರ್ನಾರ್. ಎಗಿಲ್‌ನ ಚತುರ್ಥಿ ಆಗ್ಲಿ. ಸ್ತುರ್ಲಾ ಗಂಡುಹೆಸರಾದರೂ ಸ್ತ್ರೀಲಿಂಗದ ಮಾದರಿಯಂತೆ ಸ್ತುರ್ಲು ಎಂದಾಗುತ್ತದೆ. ಸ್ತುರ್ಲುಸೋನ್ ಎಂಬ ಪಿತೃನಾಮದಲ್ಲಿ ಕಾಣುವುದು ಆ ಷಷ್ಠೀರೂಪವೇ.

ಪಿತೃನಾಮ ಪದ್ಧತಿಯಿಂದಾಗಿ ಷಷ್ಠೀ ವಿಭಕ್ತಿಗೆ ಸಾಮಾಜಿಕ ತೂಕವಿದೆ. ತಂದೆಯ ಹೆಸರು ಮಕ್ಕಳ ಗುರುತಿನಲ್ಲಿ ಷಷ್ಠಿಯಲ್ಲಿಯೇ ಮುಂದುವರಿಯುತ್ತದೆ. ಒರ್ನ್‌ನ ಮಗ ಅರ್ನಾರ್ಸೋನ್. ಕೆಲವೊಮ್ಮೆ ಒಂದೇ ಹೆಸರಿಗೆ ಎರಡು ಷಷ್ಠೀರೂಪಗಳಿದ್ದು, ಬಳಕೆ ಅವುಗಳನ್ನು ಹಂಚಿಕೊಳ್ಳುತ್ತದೆ. ಹತ್ತೊಂಬತ್ತನೆಯ ಶತಮಾನದ ಸ್ವಾತಂತ್ರ್ಯ ನಾಯಕ ಯೋನ್ ಸಿಗುರ್ದ್‌ಸ್ಸೋನ್. 2009ರಿಂದ 2013ರವರೆಗೆ ಪ್ರಧಾನಿಯಾಗಿದ್ದವರು ಯೊಹಾನ್ನಾ ಸಿಗುರ್ದಾರ್‌ದೋತ್ತಿರ್. ಇಬ್ಬರ ತಂದೆಯರ ಹೆಸರೂ ಸಿಗುರ್ದುರ್. ಮಗನಲ್ಲಿ ಒಂದು ಷಷ್ಠಿ, ಮಗಳಲ್ಲಿ ಇನ್ನೊಂದು. ‘ವಿಜಯದ ಕಾವಲುಗಾರ’ ಎಂಬ ಗುರುತು ಈ ವ್ಯವಸ್ಥೆಯ ಬಗ್ಗೆ ಏನನ್ನೂ ತಿಳಿಸದು.

ಇಲ್ಲಿ ಕನ್ನಡದಲ್ಲಿ ಬರೆಯುವವರ ಆತ್ಮವಿಮರ್ಶೆಗೂ ಅವಕಾಶವಿದೆ. ಸಿಗುರ್ದುರ್‌ನ ಕೊನೆಯ ‘ಉರ್’ ಪ್ರಥಮಾ ಪ್ರತ್ಯಯ. ‘ಸಿಗುರ್ದುರ್‌ನಲ್ಲಿ’ ಎಂದು ಈ ಲೇಖನವೂ ಬರೆದಾಗ ಪ್ರಥಮೆಯ ಪ್ರತ್ಯಯದ ಮೇಲೆ ಕನ್ನಡದ ಸಪ್ತಮಿಯನ್ನು ಹೇರಿದಂತಾಗಿದೆ. ಇಂಗ್ಲಿಷರು ‘ಸಿಗುರ್ಡ್’ ಎಂದು ಪ್ರತ್ಯಯವನ್ನು ಕತ್ತರಿಸುತ್ತಾರೆ. ಎರಡರಲ್ಲಿ ಯಾವುದನ್ನು ಆರಿಸಿದರೂ ಹೆಸರಿನ ಜೀವಂತ ಭಾಗವೊಂದನ್ನು ನಾವು ಮರೆಮಾಡುತ್ತೇವೆ. ಹೆಸರು-ಅರ್ಥಗಳ ಪಟ್ಟಿ ಪ್ರಥಮಾರೂಪವೊಂದನ್ನೇ ಕೊಟ್ಟು, ಅದೇ ಇಡೀ ಹೆಸರೆಂಬ ಭ್ರಮೆಯನ್ನು ಗಟ್ಟಿಗೊಳಿಸುತ್ತದೆ.

6. ಕಾಯ್ದೆ ಕೇಳುವ ಪ್ರಶ್ನೆ

ಐಸ್‌ಲ್ಯಾಂಡಿನ ಪ್ರಭುತ್ವವು ಹೆಸರಿನ ಬಗ್ಗೆ ಯಾವ ಪ್ರಶ್ನೆಯನ್ನು ಕೇಳುತ್ತದೆ ಎಂಬುದೂ ಬೋಧಪ್ರದ. 1991ರ ಕಾಯ್ದೆಯಿಂದ ಹೆಸರು ಸಮಿತಿಯೊಂದು ಅಸ್ತಿತ್ವಕ್ಕೆ ಬಂತು. 1996ರ 45ನೆಯ ಕಾಯ್ದೆಯ ಪ್ರಕಾರ ಹೊಸ ಹೆಸರು ಐಸ್‌ಲ್ಯಾಂಡಿಕ್ ಷಷ್ಠೀ ಪ್ರತ್ಯಯವನ್ನು ಪಡೆಯಬಲ್ಲದ್ದಾಗಿರಬೇಕು, ಇಲ್ಲವೇ ಪರಂಪರೆಯಲ್ಲಿ ನೆಲೆಗೊಂಡಿರಬೇಕು; ಭಾಷೆಯ ರಚನೆಗೆ ವಿರುದ್ಧವಾಗಿರಬಾರದು; ಬರಹದ ಸಾಮಾನ್ಯ ನಿಯಮಗಳನ್ನು ಅನುಸರಿಸಬೇಕು; ಧರಿಸಿದವರಿಗೆ ಮುಜುಗರ ತರುವಂತಿರಬಾರದು. ಮೊದಲ ಮೂರು ಷರತ್ತುಗಳು ರೂಪಕ್ಕೆ ಸಂಬಂಧಿಸಿದವು. ಪದಾರ್ಥ ಬರುವುದು ಕೊನೆಯ ಷರತ್ತಿನಲ್ಲಿ, ಅದೂ ನಿಷೇಧವಾಗಿ. ಹೆಸರಿನ ಅರ್ಥ ಒಳ್ಳೆಯದಾಗಿರಬೇಕೆಂದು ಕಾಯ್ದೆ ಕೇಳುವುದಿಲ್ಲ.

2013ರಲ್ಲಿ ರೇಕ್ಯಾವಿಕ್ ಜಿಲ್ಲಾ ನ್ಯಾಯಾಲಯದ ಮುಂದೆ ಬಂದ ‘ಬ್ಲೈರ್’ ಪ್ರಕರಣ ಇದನ್ನೇ ಸ್ಪಷ್ಟಪಡಿಸುತ್ತದೆ. ಬ್ಲೈರ್ ಎಂದರೆ ಮಂದಾನಿಲ; ಆ ಅರ್ಥದ ಬಗ್ಗೆ ಯಾರಿಗೂ ತಕರಾರಿರಲಿಲ್ಲ. ಪದವು ವ್ಯಾಕರಣದಲ್ಲಿ ಪುಲ್ಲಿಂಗವಾದ್ದರಿಂದ ಹುಡುಗಿಗೆ ಇಡಬಹುದೇ ಎಂಬುದೇ ವಿವಾದವಾಗಿತ್ತು. ನ್ಯಾಯಾಲಯ ಹುಡುಗಿಯ ಪರ ತೀರ್ಪಿತ್ತಿತು. 2019ರ ಲಿಂಗಸ್ವಾಯತ್ತತೆಯ ಕಾಯ್ದೆಯು ಹೆಸರುಗಳನ್ನು ಗಂಡು-ಹೆಣ್ಣೆಂದು ಕಡ್ಡಾಯವಾಗಿ ಹಂಚುವ ನಿಯಮವನ್ನೇ ತೆಗೆದುಹಾಕಿತು. ‘ಐಸ್‌ಲ್ಯಾಂಡಿನ ಗಂಡುಹೆಸರುಗಳು’ ಎಂಬ ಶೀರ್ಷಿಕೆಯೇ ಅಂದಿನಿಂದ ಕಾನೂನಿನ ವರ್ಗವಾಗಿ ಉಳಿದಿಲ್ಲ. ವ್ಯಾಕರಣದ ಹಾಗೂ ರೂಢಿಯ ವರ್ಗವಾಗಿ ಉಳಿದಿದೆ.

ರೂಪವನ್ನು ಮಾನದಂಡವಾಗಿಸುವುದು ತಟಸ್ಥವೆಂದೇನೂ ನಾನು ಹೇಳುತ್ತ ಇಲ್ಲ. ಪೌರತ್ವ ಪಡೆಯುವ ಪರದೇಶೀಯರು ಐಸ್‌ಲ್ಯಾಂಡಿಕ್ ಹೆಸರನ್ನು ಧರಿಸಬೇಕೆಂಬ ನಿಯಮ ಹಿಂದೊಮ್ಮೆ ಇತ್ತು. ಷಷ್ಠೀ ಪ್ರತ್ಯಯ ಹತ್ತುವುದೇ ಎಂಬ ಪ್ರಶ್ನೆಯ ಹಿಂದೆ, ಯಾರು ಒಳಗಿನವರು ಎಂಬ ಪ್ರಶ್ನೆಯೂ ಇರಬಲ್ಲದು. ಹೆಸರಿನ ಸಾಮಾಜಿಕ ಅರ್ಥವನ್ನು ಹುಡುಕುವವರು ನೋಡಬೇಕಾದ ಜಾಗ ಅದು.

7. ನಾಮಕೋಶಕ್ಕೆ ಮೂರು ಅಂಕಣಗಳು

ಈ ವಿಮರ್ಶೆಯ ಪ್ರಾಯೋಗಿಕ ಫಲವಿಷ್ಟು. ನಾಮಕೋಶಗಳಲ್ಲಿ ‘ಅರ್ಥ’ ಎಂಬ ಒಂದೇ ಅಂಕಣದ ಬದಲು ಮೂರಿರಬೇಕು. ವ್ಯುತ್ಪತ್ತಿಯ ಅಂಕಣವು ಘಟಕಗಳ ಮೂಲವನ್ನೂ ಅದು ಇಂದಿನ ಭಾಷಿಕರಿಗೆ ಕಾಣುವುದೇ ಎಂಬುದನ್ನೂ ಹೇಳಲಿ. ಪ್ರೇರಣೆಯ ಅಂಕಣವು ದಾಖಲಾದ ನಾಮಕರಣಗಳ ಕಾರಣಗಳನ್ನು ಒಂದೊಂದಾಗಿ ಕೊಡಲಿ. ದಾಖಲೆಯಿಲ್ಲದಿದ್ದರೆ ಖಾಲಿ ಇರಲಿ. ಬಳಕೆಯ ಅಂಕಣವು ರೂಪಾವಳಿ, ಲಿಂಗ, ವಂಶದೊಳಗಿನ ಸಂಚಾರಗಳನ್ನು ಹೇಳಲಿ. ಸ್ನೋರ್ರಿಯನ್ನು ಹೀಗೆ ದಾಖಲಿಸಿದರೆ ಮೊದಲ ಅಂಕಣದಲ್ಲಿ ‘ಜಗಳ, ಸೆಣಸಾಟ’ ಎಂಬ ಮೂಲ ಬರುತ್ತದೆ; ಎರಡನೆಯದರಲ್ಲಿ ಸ್ನೋರ್ರಿ ಗೋದಿಯ ಬಾಲ್ಯದ ನಡತೆಯೂ ಸ್ತುರ್ಲುಸೋನನ ಮನೆತನವೂ ಬೇರೆಬೇರೆಯಾಗಿ ನಿಲ್ಲುತ್ತವೆ; ಮೂರನೆಯದರಲ್ಲಿ ಸ್ನೋರ್ರಾ ಎಂಬ ಷಷ್ಠಿಯೂ ಸ್ನೋರ್ರಾಸೋನ್ ಎಂಬ ಪಿತೃನಾಮವೂ ಬರುತ್ತವೆ.

ಕನ್ನಡ ವ್ಯಕ್ತಿನಾಮಗಳ ಮೇಲೆ ಕೆಲಸ ಮಾಡುವ ಸಂಶೋಧನಾರ್ಥಿಗಳಿಗೂ ಇದು ದೂರದ ಮಾತಲ್ಲ. ತಿಪ್ಪಯ್ಯ ಎಂಬ ಹೆಸರಿನ ಎದುರು ‘ತಿಪ್ಪೆ’ ಎಂದು ಬರೆದು ಮುಗಿಸಬಹುದು. ಹುಟ್ಟಿದ ಮಕ್ಕಳು ಉಳಿಯದೆ, ಈ ಮಗುವಾದರೂ ಉಳಿಯಲೆಂದು ತಿಪ್ಪೆಯ ಮೇಲಿಟ್ಟು ಎತ್ತಿಕೊಂಡ ತಾಯಿಯ ಮಗನೂ ತಿಪ್ಪಯ್ಯನೇ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗೆ ನಡೆದುಕೊಳ್ಳುವ ಮನೆಯ ಮಗನೂ ತಿಪ್ಪಯ್ಯನೇ. ತಾತನ ಹೆಸರಿಟ್ಟುಕೊಂಡ ಮೊಮ್ಮಗನೂ ತಿಪ್ಪಯ್ಯನೇ. ಕ್ಷೇತ್ರಕಾರ್ಯದಲ್ಲಿ ಹೆಸರಿನ ಅರ್ಥವೇನೆಂದು ಕೇಳಿದರೆ ಈ ಮೂವರಿಂದಲೂ ಒಂದೇ ಉತ್ತರ ಬರಬಹುದು. ಹೆಸರನ್ನು ಯಾರು, ಯಾವಾಗ, ಏಕೆ ಇಟ್ಟರು ಎಂದು ಕೇಳಿದರೆ ಮೂರು ಉತ್ತರಗಳು ಬರುತ್ತವೆ. ಆ ಉತ್ತರಗಳನ್ನು ಹೇಳಬಲ್ಲ ಹಿರಿಯರು ಇರುವಾಗಲೇ ಕೇಳಿ ದಾಖಲಿಸಬೇಕಾಗಿದೆ. ವ್ಯುತ್ಪತ್ತಿಯನ್ನು ನಿಘಂಟಿನಿಂದ ಎಂದಾದರೂ ಪಡೆಯಬಹುದು. ಪ್ರೇರಣೆಯನ್ನು ಹಾಗೆ ಪಡೆಯಲಾಗದು.